ಗೋವಾದಲ್ಲಿ ಹುಟ್ಟಿದ ಅಜ್ಜನ ಮೂಲಕ ಪೋರ್ಚುಗಲ್ ಪೌರತ್ವ: ಹುಬ್ಬಳ್ಳಿಯ ಓದುಗರೊಬ್ಬರಿಗೆ ಉತ್ತರ

ಪ್ರಶ್ನೆ: ನಮ್ಮ ಅಜ್ಜ 1919ರಲ್ಲಿ ಗೋವಾದ ಸಾಲ್ಸೆಟ್ ತಾಲೂಕಿನಲ್ಲಿ ಹುಟ್ಟಿದವರು. 1941ರ ಸುಮಾರಿಗೆ ಹುಬ್ಬಳ್ಳಿಯ ರೈಲ್ವೆ ವರ್ಕ್‌ಶಾಪಿಗೆ ಕೆಲಸಕ್ಕೆ ಬಂದು ಇಲ್ಲಿಯೇ ನೆಲೆಸಿದರು. ಅವರು ತೀರಿಕೊಂಡು ಮೂವತ್ತು ವರ್ಷಗಳಾದವು. ತಂದೆಯವರು 1954ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದರು. ಕಲಘಟಗಿ ತಾಲೂಕಿನಲ್ಲಿ ಅವರ ಹೆಸರಿಗೆ ನಾಲ್ಕು ಎಕರೆ ಹೊಲವಿದೆ. ನಾನು ನರ್ಸಿಂಗ್ ಓದಿ ಕೆಲಸದಲ್ಲಿದ್ದೇನೆ, ಯುರೋಪಿಗೆ ಹೋಗುವ ಆಸೆಯಿದೆ. ಏಜೆಂಟರೊಬ್ಬರು, "ಮೊದಲು ತಂದೆಯವರ ಹೆಸರನ್ನು ಲಿಸ್ಬನ್ನಿನಲ್ಲಿ ನೋಂದಾಯಿಸೋಣ, ಆಮೇಲೆ ನಿಮ್ಮದು. ತಂದೆಯವರು ಪಾಸ್‌ಪೋರ್ಟ್ ಮಾಡಿಸದಿದ್ದರೆ ಅವರ ಭಾರತೀಯ ಪೌರತ್ವಕ್ಕೆ ಏನೂ ಆಗುವುದಿಲ್ಲ" ಎನ್ನುತ್ತಾರೆ. ಇದು ನಿಜವೇ? ನನಗೆ ಪೋರ್ಚುಗಲ್ ಪೌರತ್ವ ಸಿಗುವುದೇ?

ಉತ್ತರ: ನಿಮ್ಮ ಎರಡನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ. ಅಜ್ಜನವರ ಜನನ ಗೋವಾದ ನೋಂದಣಿ ಪುಸ್ತಕದಲ್ಲಿ ಸಿಕ್ಕರೆ ನಿಮಗೆ ದಾರಿ ಇದೆ. ಒಂದಲ್ಲ, ಎರಡು ದಾರಿಗಳಿವೆ. ಒಂದು ತಂದೆಯವರ ಮೂಲಕ ಹೋಗುವುದು, ಇನ್ನೊಂದು ತಂದೆಯವರನ್ನು ಅವರ ಪಾಡಿಗೆ ಬಿಟ್ಟು ನೀವು ಮೊಮ್ಮಗಳಾಗಿ ನೇರವಾಗಿ ಕೇಳುವುದು. ಏಜೆಂಟರು ನಿಮಗೆ ಮೊದಲನೆಯದನ್ನು ಮಾತ್ರ ಹೇಳಿದ್ದಾರೆ. ಅವರ ಕೆಲಸಕ್ಕೆ ಅದು ಸುಲಭ, ಆದರೆ ಅದರ ಬೆಲೆಯನ್ನು ತೆರುವವರು ನಿಮ್ಮ ತಂದೆಯವರು. ಅವರ ಭಾರತೀಯ ಪೌರತ್ವಕ್ಕೆ ಏನೂ ಆಗುವುದಿಲ್ಲ ಎಂಬ ಮಾತನ್ನು ನಂಬಿ ದಯವಿಟ್ಟು ಯಾವ ಕಾಗದಕ್ಕೂ ಅವರಿಂದ ಸಹಿ ಮಾಡಿಸಬೇಡಿ. ಕಾರಣವನ್ನು ಮುಂದೆ ವಿವರವಾಗಿ ಬರೆದಿದ್ದೇನೆ.

ಹುಬ್ಬಳ್ಳಿಯ ಮನೆತನವೊಂದಕ್ಕೆ ಪೋರ್ಚುಗಲ್ಲಿನ ಕಾನೂನು ಏಕೆ ಅನ್ವಯಿಸುತ್ತದೆ ಎಂಬುದನ್ನು ತಿಳಿದುಕೊಂಡರೆ ಉಳಿದದ್ದು ಅರ್ಥವಾಗುವುದು ಸುಲಭ. ಗೋವಾ, ದಮನ್, ದಿಯು 1961ರ ಡಿಸೆಂಬರ್ 19ರವರೆಗೆ ಪೋರ್ಚುಗೀಸರ ಆಳ್ವಿಕೆಯಲ್ಲಿದ್ದವು. ಅಲ್ಲಿ ಹುಟ್ಟಿದವರು ಅಂದಿನ ಕಾನೂನಿನ ಪ್ರಕಾರ ಪೋರ್ಚುಗೀಸ್ ಪ್ರಜೆಗಳಾಗಿದ್ದರು. ಗೋವಾ ವಿಮೋಚನೆಯ ನಂತರ ಭಾರತ ಸರ್ಕಾರವು 1962ರ ಮಾರ್ಚ್ 28ರಂದು ಪೌರತ್ವದ ಆದೇಶವೊಂದನ್ನು ಹೊರಡಿಸಿತು. ತಾವಾಗಲಿ, ತಂದೆ ತಾಯಿಯರಲ್ಲಿ ಒಬ್ಬರಾಗಲಿ, ಅಜ್ಜ ಅಜ್ಜಿಯರಲ್ಲಿ ಒಬ್ಬರಾಗಲಿ 1961ರ ಡಿಸೆಂಬರ್ 20ಕ್ಕಿಂತ ಮೊದಲು ಆ ಪ್ರದೇಶದಲ್ಲಿ ಹುಟ್ಟಿದ್ದರೆ ಅಂಥವರೆಲ್ಲ ಭಾರತದ ಪೌರರಾದರೆಂದು ಅದು ಘೋಷಿಸಿತು. ಹಳೆಯ ಪೌರತ್ವವನ್ನೇ ಉಳಿಸಿಕೊಳ್ಳುವವರಿಗೆ ಲಿಖಿತವಾಗಿ ತಿಳಿಸಲು ಒಂದು ತಿಂಗಳ ಅವಕಾಶ ನೀಡಿತು. ಆದರೆ ಪೋರ್ಚುಗಲ್ ಆಗ ಇದನ್ನು ಒಪ್ಪಲಿಲ್ಲ. 1974ರ ಏಪ್ರಿಲ್ 25ರ ಕ್ರಾಂತಿಯಲ್ಲಿ ಅಲ್ಲಿನ ಸರ್ವಾಧಿಕಾರ ಉರುಳಿದ ಮೇಲೆ, ಅದೇ ವರ್ಷದ ಡಿಸೆಂಬರ್ 31ರಂದು ನವದೆಹಲಿಯಲ್ಲಿ ಮಾಡಿಕೊಂಡ ಒಪ್ಪಂದದಲ್ಲಿ ಅದು ಗೋವಾದ ಮೇಲಿನ ಭಾರತದ ಸಾರ್ವಭೌಮತ್ವವನ್ನು ಮಾನ್ಯ ಮಾಡಿತು. 1975ರಲ್ಲಿ ತನ್ನ ಹಳೆಯ ವಸಾಹತುಗಳ ಜನರಲ್ಲಿ ಹೆಚ್ಚಿನವರ ಪೌರತ್ವವನ್ನು ಹಿಂತೆಗೆದುಕೊಂಡಾಗಲೂ, ಗೋವಾ, ದಮನ್, ದಿಯುಗಳಲ್ಲಿ ಹುಟ್ಟಿದವರು ಬಯಸಿದರೆ ಅದನ್ನು ಉಳಿಸಿಕೊಳ್ಳಲು ದಾರಿ ಬಿಟ್ಟಿತು. ಅನಂತರ 1981ರಲ್ಲಿ ಬಂದ ಪೌರತ್ವ ಕಾನೂನು, ಸಂಖ್ಯೆ 37/81, ಇಂದಿಗೂ ಈ ವಿಷಯದ ಆಧಾರ. ಅದು ಹುಟ್ಟಿದ ನೆಲಕ್ಕಿಂತ ರಕ್ತಸಂಬಂಧಕ್ಕೆ ಹೆಚ್ಚಿನ ಬೆಲೆ ಕೊಡುವ ಕಾನೂನಾದ್ದರಿಂದ, ಪೋರ್ಚುಗೀಸ್ ಪ್ರಜೆಯ ಮಗ ಹುಬ್ಬಳ್ಳಿಯಲ್ಲಿ ಹುಟ್ಟಿದರೂ ಹಕ್ಕು ಕೇಳಬಹುದು.

ನಿಮ್ಮ ಅಜ್ಜನವರಂತೆ ಬಂದವರು ನಮ್ಮ ಭಾಗದಲ್ಲಿ ಬಹಳ ಮಂದಿ. 1880ರ ದಶಕದಲ್ಲಿ ಮರ್ಮಗೋವಾ ಬಂದರಿನಿಂದ ಘಟ್ಟ ಹತ್ತಿ ಕ್ಯಾಸಲ್‌ರಾಕ್‌ವರೆಗೆ ರೈಲು ಬಂತು; ಅಲ್ಲಿಂದ ಲೋಂಡಾ, ಧಾರವಾಡ, ಹುಬ್ಬಳ್ಳಿ, ಗದಗಗಳ ಕಡೆಗೆ ಸದರ್ನ್ ಮರಾಠಾ ರೈಲ್ವೆಯ ಹಳಿ ಕೂಡಿತು; ಹುಬ್ಬಳ್ಳಿಯಲ್ಲಿ ವರ್ಕ್‌ಶಾಪ್ ಶುರುವಾಯಿತು. ಆ ಹಳಿಯ ಗುಂಟ ಗೋವಾದ ಫಿಟ್ಟರುಗಳು, ಡ್ರೈವರುಗಳು, ಬಡಿಗರು, ದರ್ಜಿಗಳು, ಬೇಕರಿಯವರು, ಬ್ಯಾಂಡು ಬಾರಿಸುವವರು ಬಂದು ಗದಗ ರಸ್ತೆ, ಕೇಶ್ವಾಪುರದ ಸುತ್ತ ಮನೆ ಮಾಡಿದರು. ಅವರ ಪಾಲಿಗೆ ಅದು ಊರು ಬದಲಾಯಿಸಿದಷ್ಟೇ ಆಗಿತ್ತು. ಕಾನೂನಿನ ಪಾಲಿಗೆ ಕ್ಯಾಸಲ್‌ರಾಕ್ ದಾಟಿದರೆ ಬೇರೆ ದೇಶ.

ಇಲ್ಲಿ ಇನ್ನೊಂದು ಮಾತನ್ನು ಹೇಳಿಬಿಡಬೇಕು, ಏಕೆಂದರೆ ಗದಗ, ಹಾವೇರಿಗಳಿಂದಲೂ ಈ ಪ್ರಶ್ನೆ ನನಗೆ ಆಗಾಗ ಬರುತ್ತದೆ. "ನಮ್ಮ ಮೂಲ ಗೋವಾ, ನಮ್ಮ ಕುಲದೇವರು ಅಲ್ಲಿದ್ದಾರೆ, ಹಾಗಾದರೆ ನಮಗೂ ಸಿಗುವುದೇ?" ಎಂದು ಕೇಳುವವರಲ್ಲಿ ಹೆಚ್ಚಿನವರ ಹಿರಿಯರು ಹದಿನಾರು, ಹದಿನೇಳನೆಯ ಶತಮಾನಗಳಲ್ಲಿ ಘಟ್ಟದ ಮೇಲೆ ಬಂದವರು. ಅವರಿಗೆ ಈ ಕಾನೂನಿನಿಂದ ಏನೂ ದೊರೆಯುವುದಿಲ್ಲ. ಕುಲದೇವರ ಗುಡಿ, ಮನೆತನದ ಹೆಸರು, ಮನೆಮಾತು ಇವು ಮೂಲವನ್ನು ತೋರಿಸುತ್ತವೆಯೇ ಹೊರತು ಪೌರತ್ವವನ್ನಲ್ಲ. ಕಾನೂನು ಕೇಳುವುದು ಹೆಸರು ಹಿಡಿದು ತೋರಿಸಬಹುದಾದ ಒಬ್ಬ ತಂದೆ, ತಾಯಿ, ಅಜ್ಜ ಅಥವಾ ಅಜ್ಜಿಯನ್ನು, ಮತ್ತು ಆ ವ್ಯಕ್ತಿಯ ಜನನದ ನೋಂದಣಿಯನ್ನು. ಮುತ್ತಜ್ಜ ಮಾತ್ರ ಗೋವಾದವರಾಗಿದ್ದರೆ, ನಡುವಿನ ತಲೆಮಾರಿನವರೊಬ್ಬರು ಬದುಕಿದ್ದು ಮೊದಲು ತಾವು ಪೋರ್ಚುಗೀಸರಾಗದ ಹೊರತು ಮರಿಮೊಮ್ಮಕ್ಕಳಿಗೆ ಈ ಎರಡೂ ದಾರಿಗಳಿಂದ ಪ್ರಯೋಜನವಿಲ್ಲ.

ಈಗ ಏಜೆಂಟರು ಹೇಳಿದ ದಾರಿ. ಪೋರ್ಚುಗೀಸ್ ಪ್ರಜೆಯ ಮಗನೋ ಮಗಳೋ ಹೊರದೇಶದಲ್ಲಿ ಹುಟ್ಟಿದ್ದರೆ, ತಮ್ಮ ಜನನವನ್ನು ಪೋರ್ಚುಗಲ್ಲಿನ ನಾಗರಿಕ ನೋಂದಣಿಯಲ್ಲಿ ಬರೆಸಿ ಅಥವಾ ತಾವು ಪೋರ್ಚುಗೀಸರಾಗಲು ಬಯಸುವುದಾಗಿ ಘೋಷಿಸಿ ಪೌರತ್ವ ಪಡೆಯಬಹುದು. ಭಾಷೆ ಬರಬೇಕೆಂದಿಲ್ಲ, ಅಲ್ಲಿ ವಾಸಿಸಬೇಕೆಂದಿಲ್ಲ, ವಯಸ್ಸಿನ ಮಿತಿಯಿಲ್ಲ. ನಿಮ್ಮ ತಂದೆಯವರು ಹಾಗೆ ನೋಂದಾಯಿಸಿಕೊಂಡರೆ ನೀವು ಪೋರ್ಚುಗೀಸ್ ಪ್ರಜೆಯ ಮಗಳಾಗುತ್ತೀರಿ. ಆಗ ನೀವೂ ಅದೇ ಸುಲಭದ ಬಾಗಿಲಿನಿಂದ ಒಳಗೆ ಹೋಗಬಹುದು. ಆದ್ದರಿಂದಲೇ ಏಜೆಂಟರಿಗೆ ಈ ದಾರಿ ಪ್ರಿಯ. ಇದರಲ್ಲಿ ತಂದೆಯವರು ನಿಮ್ಮ ಮೆಟ್ಟಿಲಾಗುತ್ತಾರೆ.

ಆದರೆ ತಂದೆಯವರು ಈಗ ಯಾವ ದೇಶದ ಪ್ರಜೆ? 1954ರಲ್ಲಿ ಹುಬ್ಬಳ್ಳಿಯಲ್ಲಿ ಹುಟ್ಟಿದವರು, ಅಂದರೆ 1950ರ ಜನವರಿ 26ರ ನಂತರ ಮತ್ತು 1987ರ ಜುಲೈ 1ಕ್ಕಿಂತ ಮೊದಲು ಈ ನೆಲದಲ್ಲಿ ಹುಟ್ಟಿದವರು. ಪೌರತ್ವ ಕಾಯ್ದೆಯ 3ನೇ ಕಲಮಿನಂತೆ ಜನನದಿಂದಲೇ ಭಾರತದ ಪೌರರು. ಅದೇ ಕಾಯ್ದೆಯ 9ನೇ ಕಲಮು ಹೇಳುವುದು ಇಷ್ಟು: ಭಾರತದ ಯಾವ ಪೌರನಾದರೂ ದೇಶೀಕರಣದಿಂದ, ನೋಂದಣಿಯಿಂದ ಅಥವಾ ಬೇರೆ ಯಾವುದೇ ರೀತಿಯಿಂದ ಸ್ವ ಇಚ್ಛೆಯಿಂದ ಇನ್ನೊಂದು ದೇಶದ ಪೌರತ್ವ ಪಡೆದರೆ, ಪಡೆದ ಆ ಗಳಿಗೆಯಲ್ಲಿಯೇ ಆತನ ಭಾರತೀಯ ಪೌರತ್ವ ಕೊನೆಗೊಳ್ಳುತ್ತದೆ. ಇದಕ್ಕೆ ಯಾರೂ ನೋಟಿಸು ಕೊಡಬೇಕಿಲ್ಲ, ಯಾವ ಕಚೇರಿಯೂ ಆದೇಶ ಹೊರಡಿಸಬೇಕಿಲ್ಲ. ಸಂವಿಧಾನದ 9ನೇ ವಿಧಿಯ ಹಿಂದಿನ ವಿಚಾರವೂ ಇದೇ. ಭಾರತದಲ್ಲಿ ಎರಡು ದೇಶಗಳ ಪೌರತ್ವಕ್ಕೆ ಅವಕಾಶವಿಲ್ಲ.

ಪಾಸ್‌ಪೋರ್ಟಿನ ಮಾತು ಎಲ್ಲಿಂದ ಬಂತೆಂದರೆ, ಪೌರತ್ವ ನಿಯಮಗಳ ಮೂರನೆಯ ಅನುಸೂಚಿಯಲ್ಲಿ ಒಂದು ಕಟ್ಟಳೆ ಇದೆ. ಬೇರೆ ದೇಶದ ಪಾಸ್‌ಪೋರ್ಟ್ ಪಡೆದದ್ದು ಆ ದೇಶದ ಪೌರತ್ವವನ್ನು ಸ್ವ ಇಚ್ಛೆಯಿಂದ ಪಡೆದುದಕ್ಕೆ ನಿರ್ಣಾಯಕ ಸಾಕ್ಷ್ಯವೆಂದು ಅದು ಹೇಳುತ್ತದೆ, ಮತ್ತು ಸುಪ್ರೀಂ ಕೋರ್ಟ್ 1962ರಲ್ಲಿ ಇಜಹಾರ್ ಅಹ್ಮದ್ ಖಾನ್ ಪ್ರಕರಣದಲ್ಲಿ ಆ ಕಟ್ಟಳೆಯನ್ನು ಎತ್ತಿಹಿಡಿದಿದೆ. ಇದನ್ನು ತಿರುವಿ ಓದುವವರು ಪಾಸ್‌ಪೋರ್ಟ್ ಇಲ್ಲದಿದ್ದರೆ ಏನೂ ಆಗಿಲ್ಲವೆಂದು ಹೇಳುತ್ತಾರೆ. ಅದು ತಪ್ಪು. ಪಾಸ್‌ಪೋರ್ಟ್ ಒಂದು ಸಾಕ್ಷ್ಯ. ಅದು ಇದ್ದರೆ ವಾದಿಸಲು ಬೇರೇನೂ ಉಳಿಯುವುದಿಲ್ಲ. ಅದು ಇಲ್ಲದಿದ್ದರೆ, ಪೌರತ್ವ ಪಡೆದದ್ದು ಹೌದೋ ಅಲ್ಲವೋ ಎಂಬುದನ್ನು 9ನೇ ಕಲಮಿನ ಎರಡನೆಯ ಉಪಕಲಮಿನಂತೆ ಕೇಂದ್ರ ಸರ್ಕಾರ ಉಳಿದ ದಾಖಲೆಗಳನ್ನು ನೋಡಿ ತೀರ್ಮಾನಿಸುತ್ತದೆ. ಲಿಸ್ಬನ್ನಿನ ನೋಂದಣಿ ಪುಸ್ತಕದಲ್ಲಿ ತಂದೆಯವರ ಹೆಸರಿನ ದಾಖಲೆ, ಅವರೇ ಸಹಿ ಮಾಡಿಕೊಟ್ಟ ಅರ್ಜಿ ಎರಡೂ ಇರುವಾಗ ಆ ತೀರ್ಮಾನ ಯಾವ ಕಡೆ ವಾಲುತ್ತದೆ ಎಂದು ನೀವೇ ಯೋಚಿಸಿ.

ಗೋವಾದಲ್ಲಿಯೇ 1961ಕ್ಕಿಂತ ಮೊದಲು ಹುಟ್ಟಿದವರ ವಿಷಯದಲ್ಲಿ ಒಂದು ವಾದ ಮಾಡಲು ಅವಕಾಶವಿದೆ. ಅವರು ಹುಟ್ಟುವಾಗಲೇ ಪೋರ್ಚುಗೀಸರಾಗಿದ್ದರು; ಅವರ ಜನನ ಆಗಲೇ ಪೋರ್ಚುಗೀಸ್ ನೋಂದಣಿಯಲ್ಲಿ ದಾಖಲಾಗಿತ್ತು; ಲಿಸ್ಬನ್ನಿನಲ್ಲಿ ಈಗ ನಡೆಯುವುದು ಹಳೆಯ ದಾಖಲೆಯನ್ನು ಅಲ್ಲಿನ ಕೇಂದ್ರ ನೋಂದಣಿಗೆ ಏರಿಸುವುದು ಮಾತ್ರ ಎಂಬುದು ಆ ವಾದ. ಅದರ ಬಲಾಬಲ ಏನೇ ಇರಲಿ, ನಿಮ್ಮ ತಂದೆಯವರಿಗೆ ಅದು ಸಲ್ಲುವುದಿಲ್ಲ. ಅವರು ಹುಟ್ಟಿದ್ದು ಹುಬ್ಬಳ್ಳಿಯಲ್ಲಿ. ಎಪ್ಪತ್ತು ದಾಟಿದ ಮೇಲೆ ತಾವಾಗಿ ಅರ್ಜಿ ಕೊಟ್ಟು ಹೆಸರು ಬರೆಸಿದರೆ ಅದು ಸ್ವ ಇಚ್ಛೆ ಅಲ್ಲವೆಂದು ಹೇಳಲು ನನ್ನಂಥ ವಕೀಲನಿಗೂ ಬಾಯಿ ಬರುವುದಿಲ್ಲ.

ಇನ್ನೊಂದು ತೊಡಕು ಇಲ್ಲಿದೆ. ಈ ರೀತಿ ಪಡೆದ ಪೌರತ್ವ ಹುಟ್ಟಿದ ದಿನದಿಂದಲೇ ಲಾಗೂ ಎಂದು ಪೋರ್ಚುಗಲ್ಲಿನ ಕಾನೂನು ಹೇಳುತ್ತದೆ. ಅಂದರೆ ಅವರ ಲೆಕ್ಕದಲ್ಲಿ ನಿಮ್ಮ ತಂದೆಯವರು 1954ರಿಂದಲೂ ಪೋರ್ಚುಗೀಸರು. "ಹಾಗಾದರೆ ಇದು ಹೊಸದಾಗಿ ಪಡೆದದ್ದಲ್ಲ, ಹುಟ್ಟಿನಿಂದ ಬಂದದ್ದು" ಎಂದು ಕೆಲವರು ಭಾರತದ ಅಧಿಕಾರಿಗಳ ಮುಂದೆ ಹೇಳಲು ಹೋಗುತ್ತಾರೆ. ಒಂದು ದೇಶದ ಕಾನೂನು ತನ್ನ ಪ್ರಜೆಯನ್ನು ಯಾವ ದಿನದಿಂದ ತನ್ನವನೆಂದು ಎಣಿಸುತ್ತದೆ ಎಂಬುದು ಆ ದೇಶಕ್ಕೆ ಬಿಟ್ಟದ್ದು. ನಮ್ಮ ಕಾಯ್ದೆ ನೋಡುವುದು ಆ ವ್ಯಕ್ತಿಯು ಯಾವಾಗ, ಏನು ಮಾಡಿದ ಎಂಬುದನ್ನು.

ಹೀಗಾಗಿ, ಹೆಸರು ನೋಂದಾಯಿಸಿ ಪಾಸ್‌ಪೋರ್ಟ್ ಮಾಡಿಸದೆ ಬಿಡಿ ಎಂಬ ಸಲಹೆ ತಂದೆಯವರನ್ನು ಎಲ್ಲಕ್ಕಿಂತ ಕೆಟ್ಟ ಜಾಗದಲ್ಲಿ ನಿಲ್ಲಿಸುತ್ತದೆ. ಭಾರತೀಯ ಪೌರತ್ವ ಕಾನೂನಿನ ಕಣ್ಣಿನಲ್ಲಿ ಹೋಗಿರುತ್ತದೆ. ಮತದಾರರ ಪಟ್ಟಿಯಲ್ಲಿ ಹೆಸರು ಹಾಗೇ ಇರುತ್ತದೆ. ಚುನಾವಣೆಯ ದಿನ ಅವರು ಎಂದಿನಂತೆ ಹೋಗಿ ಮತ ಹಾಕುತ್ತಾರೆ, ಪೌರರಲ್ಲದವರು ಆ ಪಟ್ಟಿಯಲ್ಲಿರಲು ಅರ್ಹರಲ್ಲವೆಂಬುದು ಅವರಿಗೆ ತಿಳಿದೇ ಇರುವುದಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದರೆ ಅದನ್ನು ಇಟ್ಟುಕೊಳ್ಳುವುದೇ ಪಾಸ್‌ಪೋರ್ಟ್ ಕಾಯ್ದೆಯ ಉಲ್ಲಂಘನೆಯಾಗುತ್ತದೆ. ವಿದೇಶಿಯರು ಇಲ್ಲಿ ಇರಬೇಕಾದರೆ ವೀಸಾ ಅಥವಾ ಭಾರತೀಯ ಮೂಲದ ವಿದೇಶಿಯರಿಗೆ ಭಾರತ ಕೊಡುವ ಓಸಿಐ ಕಾರ್ಡು ಬೇಕು, 2025ರಲ್ಲಿ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆ ಈ ವಿಷಯದಲ್ಲಿ ಬಿಗಿಯಾಗಿದೆ. ಆದರೆ ಪೋರ್ಚುಗೀಸ್ ಪಾಸ್‌ಪೋರ್ಟ್ ಇಲ್ಲದೆ ಓಸಿಐ ಕಾರ್ಡಿಗೆ ಅರ್ಜಿ ಹಾಕುವಂತೆಯೇ ಇಲ್ಲ. ಎರಡೂ ದೇಶಗಳ ನಡುವೆ, ಒಂದರ ಕಾಗದವೂ ಸರಿಯಾಗಿ ಕೈಯಲ್ಲಿಲ್ಲದೆ, ತಮ್ಮದೇ ಓಣಿಯಲ್ಲಿ ಒಬ್ಬ ಹಿರಿಯರು ವಿದೇಶಿಯಾಗಿ ಬದುಕುವ ಸ್ಥಿತಿ ಅದು. ನಾನು ನೋಡಿದ ಒಂದು ಮನೆಯಲ್ಲಿ ಇದು ಹೊರಬಿದ್ದದ್ದು, ಮಗ ತನ್ನ ಕಡತದ ಜೊತೆ ತಂದೆಯ ಪೋರ್ಚುಗೀಸ್ ಜನನ ದಾಖಲೆಯನ್ನು ಭಾರತೀಯ ಕಚೇರಿಯೊಂದರ ಮುಂದೆ ತಾನೇ ಇಟ್ಟಾಗ. ಆ ಹಿರಿಯರಿಗೆ ತಾವು ಯಾವುದಕ್ಕೆ ಸಹಿ ಮಾಡಿದ್ದೆವೆಂದು ಅಂದಿನವರೆಗೆ ಗೊತ್ತಿರಲಿಲ್ಲ. ಪೋರ್ಚುಗೀಸ್ ಭಾಷೆಯ ಅರ್ಜಿಯನ್ನು ಯಾರೂ ಅವರಿಗೆ ಓದಿ ಹೇಳಿರಲಿಲ್ಲ.

ತಂದೆಯವರು ಎಲ್ಲವನ್ನೂ ತಿಳಿದು, ತಾವೇ ಬಯಸಿ ಪೋರ್ಚುಗೀಸರಾದರೆ ಅದು ಬೇರೆ ಮಾತು. ಆಗ ನೇರವಾದ ಕ್ರಮವೆಂದರೆ ಪೋರ್ಚುಗೀಸ್ ಪಾಸ್‌ಪೋರ್ಟ್ ಪಡೆದು, ಭಾರತದ ಪಾಸ್‌ಪೋರ್ಟನ್ನು ಒಪ್ಪಿಸಿ, ಅದರ ಪ್ರಮಾಣಪತ್ರದ ಮೇಲೆ ಓಸಿಐ ಕಾರ್ಡು ಮಾಡಿಸಿಕೊಳ್ಳುವುದು. ಪಾಸ್‌ಪೋರ್ಟನ್ನು ತಾವಾಗಿ ಒಪ್ಪಿಸುವ ಮೊದಲೇ ರದ್ದಾದ ಕಾರಣ ಗೋವಾದ ಅನೇಕರಿಗೆ ಆ ಪ್ರಮಾಣಪತ್ರ ಸಿಗದೆ ಓಸಿಐ ನಿಂತುಹೋಗಿತ್ತು. 2024ರಲ್ಲಿ ಕೇಂದ್ರ ಸರ್ಕಾರ ರದ್ದತಿಯ ಆದೇಶವನ್ನೂ ಒಪ್ಪಲು ನಿರ್ಧರಿಸಿದ್ದರಿಂದ ಅವರಿಗೆ ದಾರಿಯಾಯಿತು. ಪೌರತ್ವ ಕಾಯ್ದೆಯ 7ಎ ಕಲಮಿನಲ್ಲಿ, 1947ರ ಆಗಸ್ಟ್ 15ರ ನಂತರ ಭಾರತಕ್ಕೆ ಸೇರಿದ ಪ್ರದೇಶದವರಿಗೂ ಅವರ ಮಕ್ಕಳು ಮೊಮ್ಮಕ್ಕಳಿಗೂ ಓಸಿಐ ಕೊಡಬಹುದೆಂದು ಹೇಳಿರುವುದು ಗೋವಾದಂಥ ಪ್ರದೇಶಗಳನ್ನು ಮನಸ್ಸಿನಲ್ಲಿಟ್ಟುಕೊಂಡೇ. ಓಸಿಐ ಎಂದರೆ ಆಜೀವ ವೀಸಾ ಎಂದು ತಿಳಿಯಿರಿ. ಅದು ಪೌರತ್ವವಲ್ಲ. ಮತದಾನವಿಲ್ಲ, ಗ್ರಾಮ ಪಂಚಾಯತಿಯಿಂದ ಹಿಡಿದು ಯಾವ ಚುನಾವಣೆಗೂ ನಿಲ್ಲುವಂತಿಲ್ಲ, ಸರ್ಕಾರಿ ನೌಕರಿಯಿಲ್ಲ. ಧರ್ಮಪ್ರಚಾರ, ಪತ್ರಿಕೋದ್ಯಮ, ಸಂಶೋಧನೆಗಳಿಗೆ ವಿಶೇಷ ಅನುಮತಿ ಬೇಕು.

ಕಲಘಟಗಿಯ ಹೊಲದ ವಿಷಯ ನೀವು ಬರೆದದ್ದು ಒಳ್ಳೆಯದಾಯಿತು, ಏಕೆಂದರೆ ಹೆಚ್ಚಿನವರು ಅದನ್ನು ಮರೆಯುತ್ತಾರೆ. ಹೊರದೇಶದಲ್ಲಿ ನೆಲೆಸಿದ ಓಸಿಐ ಕಾರ್ಡುದಾರರು ಭಾರತದಲ್ಲಿ ಮನೆ, ನಿವೇಶನ ಕೊಳ್ಳಬಹುದು. ಕೃಷಿ ಜಮೀನು, ತೋಟ, ತೋಟದ ಮನೆ ಕೊಳ್ಳುವಂತಿಲ್ಲ. ವಾರಸಾ ಹಕ್ಕಿನಿಂದ ಬಂದದ್ದನ್ನು ಇಟ್ಟುಕೊಳ್ಳಬಹುದು. ಮಾರುವುದಾದರೆ ಭಾರತದಲ್ಲಿ ವಾಸಿಸುವ ಭಾರತದ ಪೌರರಿಗೇ ಮಾರಬೇಕು. ಆದ್ದರಿಂದ ನೀವು ಮುಂದೆ ಪೋರ್ಚುಗೀಸರಾಗಿ ಅಲ್ಲಿ ನೆಲೆಸಿದರೂ ತಂದೆಯವರ ನಂತರ ಆ ನಾಲ್ಕು ಎಕರೆ ನಿಮ್ಮ ಪಾಲಿಗೆ ಬರುವುದಕ್ಕೆ ಅಡ್ಡಿಯಿಲ್ಲ. ಪಕ್ಕದ ಪಟ್ಟಿಯನ್ನು ಸೇರಿಸಿ ಕೊಳ್ಳುವ ಯೋಚನೆ ಇದ್ದರೆ ಅದು ಆಗುವುದಿಲ್ಲ. ಹೊಲದ ಉತಾರದಲ್ಲಿ (ಪಹಣಿಯಲ್ಲಿ) ಒಂದು ಹೆಸರು, ಜನನ ದಾಖಲೆಯಲ್ಲಿ ಇನ್ನೊಂದು ಹೆಸರು ಇದ್ದರೆ ಅದನ್ನು ತಂದೆಯವರು ಇರುವಾಗಲೇ ತಹಶೀಲ್ದಾರ ಕಚೇರಿಯಲ್ಲಿ ಸರಿಪಡಿಸಿಕೊಳ್ಳಿ. ಪೌರತ್ವದ ಪ್ರಶ್ನೆ ಇಲ್ಲದಿದ್ದರೂ ಮಾಡಬೇಕಾದ ಕೆಲಸ ಅದು.

ಎರಡನೆಯ ದಾರಿಗೆ ಬರುತ್ತೇನೆ. ನಿಮಗೆ ನನ್ನ ಸಲಹೆ ಇದೇ. ಪೋರ್ಚುಗೀಸ್ ಪ್ರಜೆಯಾಗಿದ್ದು ಆ ಪೌರತ್ವವನ್ನು ಕಳೆದುಕೊಳ್ಳದ ಅಜ್ಜ ಅಥವಾ ಅಜ್ಜಿ ಇದ್ದರೆ, ಹೊರದೇಶದಲ್ಲಿ ಹುಟ್ಟಿದ ಮೊಮ್ಮಕ್ಕಳು ನಡುವಿನ ತಲೆಮಾರನ್ನು ಮುಟ್ಟದೆ ತಾವೇ ಅರ್ಜಿ ಹಾಕಬಹುದು. 2015ರ ತಿದ್ದುಪಡಿ ಈ ಹಕ್ಕಿಗೆ ಗಟ್ಟಿ ರೂಪ ಕೊಟ್ಟಿತು; ಆಗ ಪೋರ್ಚುಗಲ್ ಸಮಾಜದೊಡನೆ ನಿಜವಾದ ನಂಟನ್ನು ತೋರಿಸಬೇಕೆಂಬ ಷರತ್ತು ಬಿಗಿಯಾಗಿತ್ತು. 2020ರ ತಿದ್ದುಪಡಿ ಅದನ್ನು ಸಡಿಲಿಸಿ, ಪೋರ್ಚುಗೀಸ್ ಭಾಷೆಯ ಸಾಕಷ್ಟು ಜ್ಞಾನವನ್ನೇ ನಂಟಿನ ಗುರುತೆಂದು ಒಪ್ಪಿತು. ಗಂಭೀರ ಅಪರಾಧದ ಶಿಕ್ಷೆ ಇರಬಾರದೆಂಬುದು ಉಳಿದ ಷರತ್ತು. ಭಾಷೆಯ ಮಟ್ಟ ಯುರೋಪಿನ ಅಳತೆಯಲ್ಲಿ ಎ2, ಅಂದರೆ ಅಂಗಡಿ, ಆಸ್ಪತ್ರೆ, ಬಸ್ಸುಗಳಲ್ಲಿ ವ್ಯವಹರಿಸುವಷ್ಟು. ಅದಕ್ಕೆ ಸಿಪ್ಲೆ ಎಂಬ ಪರೀಕ್ಷೆ ಇದೆ. ಶ್ರದ್ಧೆಯಿಂದ ಓದಿದರೆ ಒಂದು ವರ್ಷದೊಳಗೆ ಮುಟ್ಟಬಹುದಾದ ಮಟ್ಟ ಅದು. ನಿಮ್ಮ ಮನೆಯಲ್ಲಿ ಕೊಂಕಣಿ ಇದ್ದರೆ ಜನೆಲ್, ಮೇಜ್, ಪಾದ್ರಿ, ಇಗರ್ಜಿ (ಚರ್ಚು) ಎಂಬ ಮಾತುಗಳಲ್ಲಿ ಆ ಭಾಷೆ ಆಗಲೇ ಮನೆಯೊಳಗಿದೆ. ಈ ದಾರಿಯಲ್ಲಿ ಹೋದರೆ ಬದಲಾಗುವುದು ನಿಮ್ಮ ಪೌರತ್ವ ಮಾತ್ರ. ತಂದೆಯವರು ಇಂದು ಹೇಗಿದ್ದಾರೋ ಹಾಗೆಯೇ ಇರುತ್ತಾರೆ. ಏಜೆಂಟರು ಇದನ್ನು ಹೇಳದೆ ಇದ್ದದ್ದಕ್ಕೆ ಕಾರಣ, ಪರೀಕ್ಷೆಗೆ ನಿಮ್ಮ ಬದಲು ಅವರು ಕೂರಲಾರರು ಎಂಬುದಷ್ಟೇ ಎಂದು ನನ್ನ ಭಾವನೆ.

ಇಲ್ಲಿ ಎಚ್ಚರದಿಂದ ನೋಡಬೇಕಾದ ಒಂದು ಅಂಶವಿದೆ. ಅಜ್ಜನವರು 1941ರಿಂದ ಹುಬ್ಬಳ್ಳಿಯಲ್ಲಿದ್ದರು. 1950ರ ಜನವರಿ 26ಕ್ಕೆ ಐದು ವರ್ಷಗಳಿಗಿಂತ ಹೆಚ್ಚು ವಾಸ ಇದ್ದುದರಿಂದ, ಇಲ್ಲಿಯೇ ನೆಲೆಸುವ ಇರಾದೆ ಇದ್ದಿದ್ದರೆ, ಸಂವಿಧಾನದ 5ನೇ ವಿಧಿಯಂತೆ ಅವರು ಕೇಳದೆಯೇ ಭಾರತದ ಪೌರರಾಗಿರಬಹುದು. ಹೀಗೆ ತಾನಾಗಿ ಬಂದ ಪೌರತ್ವಕ್ಕೂ, ತಾವಾಗಿ ಅರ್ಜಿ ಹಾಕಿ ಪಡೆದ ಪೌರತ್ವಕ್ಕೂ ವ್ಯತ್ಯಾಸವಿದೆ; ಪೋರ್ಚುಗಲ್ಲಿನ ಹಳೆಯ ಕಾನೂನು ಎರಡನೆಯದನ್ನೇ ಕಠಿಣವಾಗಿ ನೋಡುತ್ತಿತ್ತು. ಆದ್ದರಿಂದ ಅಜ್ಜನವರ ಹಳೆಯ ಪೆಟ್ಟಿಗೆಯಲ್ಲಿ ಪೌರತ್ವದ ಪ್ರಮಾಣಪತ್ರ, ಘೋಷಣೆ, ಪೋರ್ಚುಗೀಸ್ ಅಥವಾ ಭಾರತೀಯ ಪಾಸ್‌ಪೋರ್ಟ್ ಏನೇ ಇದ್ದರೂ ಹುಡುಕಿ ತೆಗೆಯಿರಿ, ಮತ್ತು ಪೋರ್ಚುಗಲ್ಲಿನ ವಕೀಲರನ್ನು ಗೊತ್ತುಮಾಡಿದಾಗ ಈ ಪ್ರಶ್ನೆಯನ್ನು ಎಲ್ಲಕ್ಕಿಂತ ಮೊದಲು ಅವರ ಮುಂದೆ ಇಡಿ. ಅಲ್ಲಿನ ಸಂಸತ್ತು ಈ ಕಾನೂನನ್ನು ಪದೇ ಪದೇ ತಿದ್ದುತ್ತಿರುವುದರಿಂದ ಅರ್ಜಿ ಸಲ್ಲಿಸುವ ದಿನ ಜಾರಿಯಲ್ಲಿರುವ ಪಠ್ಯವನ್ನೇ ಅವರಿಂದ ಓದಿಸಿಕೊಳ್ಳಿ.

ಈಗ ಕಾಗದಗಳು. ಯಾವ ದಾರಿಯಾದರೂ ಕೆಲಸ ನಿಲ್ಲುವುದು ಇಲ್ಲಿಯೇ.

ಮೊದಲ ಕಾಗದ ಅಜ್ಜನವರ ಜನನದ ನೋಂದಣಿ. ಗೋವಾದಲ್ಲಿ ನಾಗರಿಕ ನೋಂದಣಿ ಎಲ್ಲ ಧರ್ಮದವರಿಗೂ ಕಡ್ಡಾಯವಾದ ಮೇಲೆ ಹುಟ್ಟಿದವರು ಅವರಾದ್ದರಿಂದ, ದಾಖಲೆ ಮಡಗಾಂವದಲ್ಲಿರುವ ಸಾಲ್ಸೆಟ್ ತಾಲೂಕಿನ ಸಿವಿಲ್ ರಿಜಿಸ್ಟ್ರಾರ್ ಕಚೇರಿಯ ಪುಸ್ತಕಗಳಲ್ಲಿ ಇರಬೇಕು. ಅಲ್ಲಿ ಕೇಳಬೇಕಾದದ್ದು ನಮ್ಮಲ್ಲಿ ಪಾಲಿಕೆಯವರು ಕೊಡುವಂಥ ಚಿಕ್ಕ ಪ್ರಮಾಣಪತ್ರವನ್ನಲ್ಲ. ‘ತೆಯೋರ್’ ಎಂದು ಕರೆಯುವ, ಮೂಲ ಪುಟದಲ್ಲಿ ಬರೆದದ್ದನ್ನು ಅಕ್ಷರಶಃ ಇಳಿಸಿದ ನಕಲನ್ನು. ತಂದೆ ತಾಯಿ, ಅಜ್ಜ ಅಜ್ಜಿಯರ ಹೆಸರು, ವಾಡೆ (ಊರಿನೊಳಗಿನ ಕೇರಿ), ಸಾಕ್ಷಿಗಳು, ಅಂಚಿನಲ್ಲಿ ಮುಂದೆ ಬರೆದ ಟಿಪ್ಪಣಿಗಳು ಎಲ್ಲ ಅದರಲ್ಲಿ ಬರುತ್ತವೆ. ಹುಟ್ಟಿದ ಊರು ಮತ್ತು ವರ್ಷ ಮಾತ್ರ ಗೊತ್ತಿದ್ದರೆ ಒಂದೆರಡು ವರ್ಷ ಹಿಂದು ಮುಂದು ಹುಡುಕಿಸಬೇಕು, ಏಕೆಂದರೆ ಕೆಲಸಕ್ಕೆ ಸೇರುವಾಗ ಹೇಳಿದ ವಯಸ್ಸು ನಿಜವಾದ ವಯಸ್ಸಾಗಿರಬೇಕೆಂದಿಲ್ಲ. ಇಗರ್ಜಿಯ ದೀಕ್ಷಾಸ್ನಾನದ ಪುಸ್ತಕದಲ್ಲಿ ಮೊದಲು ನೋಡಿದರೆ ದಿನಾಂಕ ಬೇಗ ಸಿಗುತ್ತದೆ. ಹಳೆಯ ಪುಸ್ತಕಗಳಲ್ಲಿ ಹಲವು ಪಣಜಿಯ ಪುರಾಭಿಲೇಖಾಗಾರದಲ್ಲಿವೆ.

ಹೆಸರುಗಳ ತೊಂದರೆಗೆ ಸಿದ್ಧರಾಗಿರಿ. ಗೋವಾದ ಪುಸ್ತಕದ ಜೋಆಂವ್ ಹುಬ್ಬಳ್ಳಿಯ ರೈಲ್ವೆ ಸೇವಾ ಪುಸ್ತಕದಲ್ಲಿ ಜಾನ್ ಆಗಿರುತ್ತಾನೆ. ಸೆಬಾಸ್ತಿಯಾಂವ್ ಸೆಬಾಸ್ಟಿಯನ್ ಆಗಿ, ಮಗನ ಶಾಲೆಯ ದಾಖಲೆಗೆ ಬರುವಷ್ಟರಲ್ಲಿ ಬಸ್ತ್ಯಾಂವ್ ಆಗಿರುತ್ತಾನೆ. ಹಿಂದೂ ಮನೆತನಗಳಲ್ಲಿ ಇದು ಇನ್ನೂ ಜಟಿಲ. ಪ್ರಭು ಎಂಬುದನ್ನು ಪೋರ್ಚುಗೀಸ್ ಗುಮಾಸ್ತರು ಪೊರೊಬೊ ಎಂದು, ಕಾಮತ ಎಂಬುದನ್ನು ಕಾಮೊತಿಂ ಎಂದು ಬರೆದರು; ಶಣೈ ಸಿನಾಯ್ ಆಯಿತು; ‘ಶ’ಕಾರವನ್ನು ಅವರು ಎಕ್ಸ್ ಅಕ್ಷರದಿಂದ ಬರೆಯುವುದರಿಂದ ಶಂಕರನನ್ನು ಎಸ್ ಅಕ್ಷರದ ಕೆಳಗೆ ಹುಡುಕಿದರೆ ಸಿಗುವುದೇ ಇಲ್ಲ. ಗದಗಿನ ಒಂದು ಕುಟುಂಬ ಎರಡು ವರ್ಷ ದಾಖಲೆ ಇಲ್ಲವೆಂದೇ ತಿಳಿದಿತ್ತು; ಅದು ಇದ್ದದ್ದು ಬೇರೆ ಅಕ್ಷರದ ಪಟ್ಟಿಯಲ್ಲಿ. ಇಂಥ ವ್ಯತ್ಯಾಸಗಳಿಗೆ ನಮ್ಮಲ್ಲಿ ಬಾಂಡ್ ಪೇಪರಿನ ಮೇಲೆ "ಇಬ್ಬರೂ ಒಬ್ಬರೇ" ಎಂದು ಅಫಿಡವಿಟ್ ಮಾಡಿಸುವುದು ರೂಢಿ. ನೋಂದಣಿ ಪುಸ್ತಕಕ್ಕೆ ಬೆಲೆ ಕೊಡುವ ಲಿಸ್ಬನ್ನಿನ ಅಧಿಕಾರಿಗಳ ಮುಂದೆ ಅದರ ತೂಕ ಕಡಿಮೆ. ಸಾಧ್ಯವಿರುವಲ್ಲೆಲ್ಲ ಮೂಲ ದಾಖಲೆಯನ್ನೇ ತಿದ್ದಿಸಿ. ಜನನ ಮರಣ ನೋಂದಣಿ ಕಾಯ್ದೆ, 1969ರ 15ನೇ ಕಲಮು ಅದಕ್ಕೆ ಅವಕಾಶ ಕೊಡುತ್ತದೆ.

ತಂದೆಯವರ ಜನನ ದಾಖಲೆ ಎರಡೂ ದಾರಿಗಳಿಗೆ ಬೇಕು, ಏಕೆಂದರೆ ಅಜ್ಜನಿಗೂ ನಿಮಗೂ ನಡುವಿನ ಕೊಂಡಿ ಅವರೇ. 1954ರಲ್ಲಿ ಹುಬ್ಬಳ್ಳಿ ಮುಂಬೈ ರಾಜ್ಯದಲ್ಲಿತ್ತು, ಮಹಾನಗರ ಪಾಲಿಕೆ ಇನ್ನೂ ಆಗಿರಲಿಲ್ಲ. ಆದ್ದರಿಂದ ಹಳೆಯ ಪುರಸಭೆಯ ಕಾಲದ ಪುಸ್ತಕದಲ್ಲಿ ಹುಡುಕಿಸಬೇಕು. ಮಗುವಿನ ಹೆಸರಿಲ್ಲದೆ "ಗಂಡು" ಎಂದಷ್ಟೇ ಬರೆದಿರುವುದೂ ಉಂಟು. ಎಷ್ಟು ಹುಡುಕಿದರೂ ಸಿಗದಿದ್ದರೆ ದಾಖಲೆ ಲಭ್ಯವಿಲ್ಲವೆಂಬ ಪತ್ರ ಪಡೆದು, ತಡವಾದ ನೋಂದಣಿಗೆ 13ನೇ ಕಲಮಿನಂತೆ ಅರ್ಜಿ ಹಾಕಬೇಕು. 2023ರ ತಿದ್ದುಪಡಿಯ ನಂತರ ಆ ಆದೇಶವನ್ನು ಜಿಲ್ಲಾ ದಂಡಾಧಿಕಾರಿ ಅಥವಾ ಉಪವಿಭಾಗ ದಂಡಾಧಿಕಾರಿಯ ಹಂತದಲ್ಲಿ ಪಡೆಯಬಹುದು. ಹಾಗೆ ದಶಕಗಳ ಮೇಲೆ ದಾಖಲಾದ ಜನನದ ಜೊತೆಗೆ ಹುಬ್ಬಳ್ಳಿಯ ಚರ್ಚಿನ ದೀಕ್ಷಾಸ್ನಾನದ ದಾಖಲೆಯನ್ನೂ ಶಾಲೆ ಬಿಟ್ಟ ದಾಖಲೆಯನ್ನೂ ಇಡಿ. ಶಾಲೆಯ ದಾಖಲೆಯಲ್ಲಿ ಹುಟ್ಟಿದ ದಿನ ಜೂನ್ 1 ಎಂದಿದ್ದರೆ, ನಮ್ಮ ಕಡೆ ಮಾಸ್ತರರು ಎಷ್ಟು ಮಕ್ಕಳಿಗೆ ಆ ದಿನವನ್ನೇ ಬರೆದಿದ್ದಾರೆಂದು ನಿಮಗೆ ಗೊತ್ತು, ಲಿಸ್ಬನ್ನಿನವರಿಗೆ ಗೊತ್ತಿಲ್ಲ. ಚರ್ಚಿನ ದಿನಾಂಕಕ್ಕೂ ಅದಕ್ಕೂ ಹೊಂದಿಕೆಯಾಗದಿದ್ದರೆ ಮೊದಲೇ ವಿವರಣೆ ಸಿದ್ಧವಿರಲಿ.

ಉಳಿದವು ಅಜ್ಜ ಅಜ್ಜಿಯರ ಮದುವೆಯ ದಾಖಲೆ, ತಂದೆ ತಾಯಿಯರ ಮದುವೆಯ ದಾಖಲೆ, ನಿಮ್ಮ ಜನನ ದಾಖಲೆ. ಕರ್ನಾಟಕದ ದಾಖಲೆಗಳಿಗೆ ರಾಜ್ಯದ ದೃಢೀಕರಣ, ಅದರ ಮೇಲೆ ವಿದೇಶಾಂಗ ಸಚಿವಾಲಯದ ಅಪೋಸ್ಟಿಲ್ (ದಾಖಲೆಯನ್ನು ಹೊರದೇಶದಲ್ಲಿ ಒಪ್ಪುವಂತೆ ಮಾಡುವ ಮುದ್ರೆ), ನಂತರ ಪೋರ್ಚುಗೀಸ್ ಅನುವಾದ ಬೇಕಾಗುತ್ತದೆ.

ನೀವು ನರ್ಸ್ ಎಂದು ಬರೆದಿರುವುದರಿಂದ ಕೇಳದಿದ್ದರೂ ಒಂದು ಮಾತು ಹೇಳುತ್ತೇನೆ. ಗೋವಾದ ಅನೇಕರು ಹಿಂದೆ ಪೋರ್ಚುಗೀಸ್ ಪಾಸ್‌ಪೋರ್ಟ್ ಮಾಡಿಸಿದ್ದು ಇಂಗ್ಲೆಂಡಿಗೆ ಹೋಗಲು. ಬ್ರೆಕ್ಸಿಟ್ ನಂತರ, 2020ರ ಡಿಸೆಂಬರ್ 31ಕ್ಕೆ, ಆ ಬಾಗಿಲು ಹೊಸಬರಿಗೆ ಮುಚ್ಚಿತು. ಯುರೋಪ್ ಒಕ್ಕೂಟದ 27 ದೇಶಗಳಲ್ಲಿ ವಾಸಿಸುವ, ದುಡಿಯುವ ಹಕ್ಕು ಈಗಲೂ ಸಿಗುತ್ತದೆ. ಆದರೆ ನರ್ಸಾಗಿ ಕೆಲಸ ಮಾಡಲು ಪಾಸ್‌ಪೋರ್ಟ್ ಸಾಲದು. ನಿಮ್ಮ ಪದವಿಗೆ ಆ ದೇಶದ ಮಾನ್ಯತೆಯೂ ಅಲ್ಲಿನ ಭಾಷೆಯೂ ಬೇಕು. ಅವೆರಡೂ ಇದ್ದರೆ ಜರ್ಮನಿಯಂಥ ದೇಶಗಳು ಭಾರತೀಯ ಪಾಸ್‌ಪೋರ್ಟಿನ ಮೇಲೆಯೇ ನರ್ಸುಗಳಿಗೆ ಕೆಲಸದ ವೀಸಾ ಕೊಡುತ್ತಿವೆ. ಯುರೋಪಿನಲ್ಲಿ ಕೆಲಸ ಮಾಡುವುದಷ್ಟೇ ನಿಮ್ಮ ಗುರಿಯಾಗಿದ್ದರೆ, ಪೌರತ್ವವನ್ನು ಬದಲಾಯಿಸುವ ಮೊದಲು ಆ ದಾರಿಯನ್ನೂ ವಿಚಾರಿಸಿ ನೋಡಿ. ಪೋರ್ಚುಗೀಸ್ ಪೌರತ್ವ ಪಡೆದ ದಿನ ನಿಮ್ಮ ಭಾರತೀಯ ಪೌರತ್ವವೂ ಹೋಗುತ್ತದೆ ಎಂಬುದರಲ್ಲಿ ನಿಮಗೆ ಯಾವ ಸಂದೇಹವೂ ಉಳಿಯಬಾರದು.

ಸದ್ಯಕ್ಕೆ ಏಜೆಂಟರಿಗೆ ಮುಂಗಡ ಕೊಡಬೇಡಿ, ಮೂಲ ದಾಖಲೆಗಳನ್ನು ಯಾರ ಕೈಗೂ ಕೊಡಬೇಡಿ, ಖಾಲಿ ಕಾಗದಕ್ಕಾಗಲಿ ಓದಲು ಬಾರದ ಭಾಷೆಯ ಅಧಿಕಾರಪತ್ರಕ್ಕಾಗಲಿ ತಂದೆಯವರ ಸಹಿ ಬೀಳದಿರಲಿ. ಹುಬ್ಬಳ್ಳಿಯಿಂದ ಮಡಗಾಂವಕ್ಕೆ ರೈಲಿದೆ. ತಂದೆಯವರನ್ನೇ ಕರೆದುಕೊಂಡು ಹೋಗಿ. ಅಜ್ಜನ ವಾಡೆಯ ಹೆಸರು, ನೆಂಟರ ಹೆಸರು ಅವರಿಗೆ ನೆನಪಿರುತ್ತವೆ, ನಿಮಗಿಂತ ಬೇಗ ಅವರು ಪುಟವನ್ನು ಗುರುತಿಸುತ್ತಾರೆ. ತೆಯೋರ್ ಕೈಗೆ ಬಂದ ಮೇಲೆ ಅದರ ಪ್ರತಿಯನ್ನೂ, ತಂದೆಯವರ ಜನನ ದಾಖಲೆಯ ಪ್ರತಿಯನ್ನೂ ನನಗೆ ಕಳುಹಿಸಿ. ಎರಡರಲ್ಲಿಯೂ ಅಜ್ಜನವರ ಹೆಸರು ಒಂದೇ ರೀತಿ ಇದೆಯೇ ಎಂಬುದನ್ನು ಮೊದಲು ನೋಡೋಣ.